840 ಬಂದೂಕು, 3,000 ಹೆಸರು ಮತ್ತು ನನ್ನ ಒಂದು ನೋಟ್‌ಬುಕ್

ಬಸ್ಸಲ್ಲಿ ಕಂಬ ಹಿಡ್ಕೊಂಡು ಕೇಳ್ತಿರೋರಿಗೆ, ರಾತ್ರಿ ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಕ್ಸಾಮಿಗೆ ಓದೋದು ಬಿಟ್ಟು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ.

ಕಳೆದ ವಾರ ಒಬ್ಬ ಹುಡುಗ ಮೆಸೇಜ್ ಹಾಕಿದ್ದ. ಬಿಕಾಂ ಕೊನೆಯ ವರ್ಷ ಅಂತೆ. "ಅಕ್ಕಾ, ನೀವೂ ಬಿಕಾಂ ಅಲ್ವಾ? ಟ್ಯಾಲಿ, ಜಿಎಸ್‌ಟಿ ಎಲ್ಲಾ ಬಿಟ್ಟು ಅದೇನೋ ಸಿವಿಲಿಯನ್ ಕ್ರೈಸಿಸ್ ಮ್ಯಾನೇಜ್‌ಮೆಂಟ್ ಓದ್ತಾ ಇದೀನಿ ಅಂದ್ರಿ. ಅದು ಮಿಲಿಟರಿಯವರ ಕೆಲಸ ಅಲ್ವಾ? ನಮ್ಮಂಥೋರಿಗೆ ಅದರಲ್ಲಿ ಏನಿದೆ?"

ಒಳ್ಳೆ ಪ್ರಶ್ನೆ. ಎರಡು ಸಾಲಲ್ಲಿ ರಿಪ್ಲೈ ಮಾಡೋಣ ಅಂತ ಕೂತೆ, ಆಗಲಿಲ್ಲ. ಯಾಕಂದ್ರೆ ಅದಕ್ಕೆ ಸರಿಯಾಗಿ ಉತ್ತರ ಹೇಳ್ಬೇಕು ಅಂದ್ರೆ ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ಬೇಕು. ಹಾಗಾಗಿ ಇವತ್ತಿನ ಎಪಿಸೋಡ್ ಪೂರ್ತಿ ಅವನಿಗೆ ಉತ್ತರ.

2018ರ ಆಗಸ್ಟ್. ಕೊಡಗಿನಲ್ಲಿ ಗುಡ್ಡ ಕುಸಿದ ವರ್ಷ. ಜೋಡುಪಾಲ, ಮಕ್ಕಂದೂರು ಅಂತ ಆಗ ಟಿವಿಯಲ್ಲಿ ಕೇಳಿದ ಹೆಸರುಗಳು ನಿಮಗೂ ನೆನಪಿರಬಹುದು. ನಾನಾಗ ಕಾಲೇಜಿನಲ್ಲಿದ್ದೆ. ನಾವು ಆರು ಜನ ಫ್ರೆಂಡ್ಸ್ ಒಂದು ಪರಿಹಾರ ಕೇಂದ್ರಕ್ಕೆ ಸಹಾಯಕ್ಕೆ ಅಂತ ಹೋದ್ವಿ. ಕಲ್ಯಾಣ ಮಂಟಪ ಅದು. ಮದುವೆ ಊಟಕ್ಕೆ ಕೂರೋ ಜಾಗದಲ್ಲಿ ಜನ ಚಾಪೆ ಹಾಸ್ಕೊಂಡು ಮಲಗಿದ್ರು. ಹೊರಗಡೆ ಲಾರಿ ಮೇಲೆ ಲಾರಿ. ರಾಜ್ಯದ ಮೂಲೆ ಮೂಲೆಯಿಂದ ಅಕ್ಕಿ, ಬಿಸ್ಕತ್ತು, ಜೋಳದ ರೊಟ್ಟಿ, ಕಂಬಳಿ. ಜೊತೆಗೆ ಬೆಟ್ಟದಷ್ಟು ಹಳೇ ಬಟ್ಟೆ. ಸ್ಯಾನಿಟರಿ ಪ್ಯಾಡ್ ಮಾತ್ರ ಎಷ್ಟು ಹುಡುಕಿದ್ರೂ ಸಿಗ್ತಿರಲಿಲ್ಲ.

"ನೀನು ಕಾಮರ್ಸ್ ತಾನೆ, ಲೆಕ್ಕ ನೀನೇ ನೋಡ್ಕೋ" ಅಂದ್ರು. ನನಗೂ ಖುಷಿ. ಒಂದು ಲಾಂಗ್ ನೋಟ್‌ಬುಕ್ ತಗೊಂಡು ಸ್ಕೇಲ್ ಇಟ್ಟು ಗೆರೆ ಹಾಕಿದೆ. ಕ್ರಮ ಸಂಖ್ಯೆ, ಕುಟುಂಬದ ಯಜಮಾನರ ಹೆಸರು, ಊರು, ರೇಷನ್ ಕಾರ್ಡ್ ನಂಬರ್, ಎಷ್ಟು ಜನ, ಏನು ಕೊಟ್ಟಿದ್ದು, ಸಹಿ. ಬಂದ ಕಂಬಳಿ, ಕೊಟ್ಟ ಕಂಬಳಿ, ಉಳಿದ ಕಂಬಳಿ. ಎರಡನೇ ದಿನ ರಾತ್ರಿ ಸ್ಟಾಕ್ ಎಣಿಸಿದಾಗ ಒಂದೂ ಹೆಚ್ಚು ಕಡಿಮೆ ಇಲ್ಲ. ಲೆಕ್ಕ ಟ್ಯಾಲಿ ಆಯ್ತು. ಆ ರಾತ್ರಿ ನನಗೆ ಎಷ್ಟು ಹೆಮ್ಮೆ ಆಗಿತ್ತು ಅಂದ್ರೆ, ಅಮ್ಮನಿಗೆ ಫೋನ್ ಮಾಡಿ ಹೇಳಿದ್ದೆ.

ಮೂರನೇ ದಿನ ಬೆಳಿಗ್ಗೆ ಒಬ್ಬ ಅಕ್ಕ ಟೇಬಲ್ ಮುಂದೆ ಬಂದು ನಿಂತ್ಲು. ಕಂಕುಳಲ್ಲಿ ಒಂದು ಮಗು, ಸೆರಗು ಹಿಡ್ಕೊಂಡು ಇನ್ನೊಂದು. ಎಸ್ಟೇಟಿನ ಲೈನ್ ಮನೆಯವಳು, ತೋಟದ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದಿದ್ದವಳು. ಗಂಡ ಜೊತೆಗಿಲ್ಲ. "ಮೇಡಂ, ಎಲ್ಲರಿಗೂ ಕಿಟ್ ಕೊಟ್ರಂತೆ. ನನ್ನ ಹೆಸರು ಎಲ್ಲಿದೆ ನೋಡಿ" ಅಂದ್ಲು.

ಪುಟ ತಿರುಗಿಸಿದೆ. ಬೆರಳಿಟ್ಟು ಮೇಲಿಂದ ಕೆಳಗೆ ನೋಡಿದೆ. ಇರಲಿಲ್ಲ. ಯಾಕಿರುತ್ತೆ? ನಾನು ಕೇಳಿದ್ದು ಯಜಮಾನರ ಹೆಸರು. ಅವಳ ಮನೆಗೆ ಯಜಮಾನ ಅಂತ ಯಾರೂ ಅಲ್ಲಿರಲಿಲ್ಲ. ನಾನು ಕೇಳಿದ್ದು ರೇಷನ್ ಕಾರ್ಡ್. ಅದು ಅವಳ ಊರಿನಲ್ಲಿತ್ತು. ಮೊದಲ ದಿನ ಪಕ್ಕದ ಲೈನಿನ ಒಂದು ಕುಟುಂಬದ ಜೊತೆ ಬಂದಿದ್ಲು, ನಾನು ಮೂವರನ್ನೂ ಆ ಕುಟುಂಬದ ತಲೆಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಕಿಟ್ ಕುಟುಂಬಕ್ಕೆ ಒಂದು.

ನನ್ನ ಕಣ್ಣೆದುರಿಗೆ ಮೂರು ಜನ ನಿಂತಿದ್ರು. ನನ್ನ ಪುಸ್ತಕದಲ್ಲಿ ಆ ಮೂರು ಜನ ಇರಲಿಲ್ಲ. ಆದರೂ ನನ್ನ ಲೆಕ್ಕ ಟ್ಯಾಲಿ ಆಗಿತ್ತು.

ಕಿಟ್ ಏನೋ ಕೊಟ್ಟೆ. ಆದ್ರೆ ಯಾವ ಕಾಲಮ್‌ನಲ್ಲಿ ಬರೆಯೋದು? ಕೊನೆಯಲ್ಲಿ "ಇತರೆ – 3" ಅಂತ ಬರೆದೆ. ಅವಳ ಹೆಸರು ಕೇಳಿದೆನಾ ಅಂದ್ರೆ, ಕೇಳಿದ್ದೆ. ಆದ್ರೆ ಬರೆಯಲಿಲ್ಲ. ಆಮೇಲೆ ಆ ಪಟ್ಟಿಯ ಕಾಪಿ ಮುಂದಕ್ಕೆ ಹೋಯ್ತು, "ಇತರೆ – 3" ಅಂತಾನೇ ಹೋಯ್ತು. ಎರಡು ದಿನ ಬಿಟ್ಟು ನೋಡಿದ್ರೆ ಅವಳು ಕೇಂದ್ರದಲ್ಲಿ ಇರಲಿಲ್ಲ. ಎಲ್ಲಿಗೆ ಹೋದ್ಲು ಅಂತ ಯಾರಿಗೂ ಗೊತ್ತಿರಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ.

ನಾವು ಶಾಲೆಯಿಂದ ಕೇಳ್ಕೊಂಡು ಬಂದಿರೋ "ಭದ್ರತೆ" ಅನ್ನೋ ಪದಕ್ಕೆ ಒಂದೇ ಅರ್ಥ. ದೇಶದ ಭದ್ರತೆ. ಗಡಿ, ಸೈನ್ಯ, ಕ್ಷಿಪಣಿ. 1994ರಲ್ಲಿ ವಿಶ್ವಸಂಸ್ಥೆಯ ಯುಎನ್‌ಡಿಪಿ ತನ್ನ ಮಾನವ ಅಭಿವೃದ್ಧಿ ವರದಿಯಲ್ಲಿ ಇದನ್ನ ತಿರುಗಿಸಿ ಕೇಳ್ತು. ಗಡಿ ಭದ್ರವಾಗಿದ್ರೆ ಒಳಗಿರೋ ಮನುಷ್ಯ ಭದ್ರವಾಗಿದಾನೆ ಅಂತ ಅರ್ಥನಾ? ಇದರ ಹಿಂದಿದ್ದವರು ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್, ನಮ್ಮ ಅಮರ್ತ್ಯ ಸೇನ್ ಅವರ ಹಳೆಯ ಗೆಳೆಯರು. ಎಕನಾಮಿಕ್ಸ್ ಪೇಪರ್‌ನಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ಅಂತ ಓದಿರ್ತೀರಲ್ಲ, ಅದರ ಹಿಂದೆಯೂ ಇವರೇ ಇದ್ದದ್ದು.

ಆ ವರದಿ ಏಳು ವಿಷಯ ಪಟ್ಟಿ ಮಾಡ್ತು. ಆದಾಯದ ಭದ್ರತೆ, ಆಹಾರದ್ದು, ಆರೋಗ್ಯದ್ದು, ಪರಿಸರದ್ದು, ಮೈಮೇಲೆ ಹಲ್ಲೆ ಆಗದಿರೋ ವೈಯಕ್ತಿಕ ಭದ್ರತೆ, ಸಮುದಾಯದ್ದು, ರಾಜಕೀಯ ಹಕ್ಕುಗಳದ್ದು. ಇದಕ್ಕೆ ಮಾನವ ಭದ್ರತೆ ಅಂತ ಹೆಸರು. 2003ರಲ್ಲಿ ಅಮರ್ತ್ಯ ಸೇನ್ ಮತ್ತು ಜಪಾನಿನ ಸಡಾಕೊ ಒಗಾಟಾ ಇಬ್ಬರೂ ಸೇರಿ ಮುನ್ನಡೆಸಿದ ಆಯೋಗ ಇದೇ ವಿಷಯದ ಮೇಲೆ ದೊಡ್ಡ ವರದಿ ಕೊಡ್ತು.

ಸಿವಿಲಿಯನ್ ಕ್ರೈಸಿಸ್ ಮ್ಯಾನೇಜ್‌ಮೆಂಟ್ ಅನ್ನೋ ಪದ ಹೆಚ್ಚಾಗಿ ಬಳಕೆಯಲ್ಲಿರೋದು ಯುರೋಪಿನಲ್ಲಿ. ಬಿಕ್ಕಟ್ಟು ಎದ್ದ ಜಾಗಕ್ಕೆ ಸೈನಿಕರ ಬದಲು ಪೊಲೀಸರು, ವಕೀಲರು, ಆಡಳಿತ ಗೊತ್ತಿರೋರು, ರಕ್ಷಣಾ ಕಾರ್ಯಾಚರಣೆ ಗೊತ್ತಿರೋರು ಹೋಗೋದು. 2000ದ ಜೂನ್‌ನಲ್ಲಿ ಪೋರ್ಚುಗಲ್‌ನ ಫೇರಾದಲ್ಲಿ ಸೇರಿದ ಯುರೋಪಿಯನ್ ಯೂನಿಯನ್ ನಾಯಕರು ಈ ನಾಲ್ಕು ಕ್ಷೇತ್ರಗಳನ್ನ ಗುರುತಿಸಿದ್ರು. ಮೊದಲ ತಂಡ 2003ರಲ್ಲಿ ಬೋಸ್ನಿಯಾಕ್ಕೆ ಹೋಯ್ತು. ಫಿನ್‌ಲ್ಯಾಂಡ್‌ನವರಂತೂ ಕುವೊಪಿಯೊ ಅನ್ನೋ ಊರಿನಲ್ಲಿ 2007ರಲ್ಲಿ ಇದಕ್ಕೇ ಅಂತ ಒಂದು ಸರ್ಕಾರಿ ತರಬೇತಿ ಕೇಂದ್ರ ತೆರೆದ್ರು, ಅದು ಅವರ ಗೃಹ ಸಚಿವಾಲಯದ ಕೆಳಗೆ ಬರುತ್ತೆ.

"ಅಕ್ಕಾ, ಇದು ಥಿಯರಿ ಆಯ್ತು, ಕೆಲಸ ಏನು?" ಅಂತ ಕೇಳ್ತೀರಿ. ಗೊತ್ತು. ಒಂದು ನಿಜವಾದ ಕೇಸ್ ಹೇಳ್ತೀನಿ. ನಾನು ಓದಿದ್ರಲ್ಲಿ ನನ್ನ ನಿದ್ದೆಗೆಡಿಸಿದ ಕೇಸ್ ಇದು.

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರದ ತುದಿ. ಪ್ರಾಂತ್ಯದ ಹೆಸರು ಅಚೆ. ನಮ್ಮ "ಆಚೆ ಮನೆ, ಈಚೆ ಮನೆ" ಅನ್ನೋ ಆಚೆಗೆ ಹತ್ತಿರದ ಉಚ್ಚಾರಣೆ. ಜಾಗಾನೂ ಹತ್ತಿರವೇ, ನಮ್ಮ ಗ್ರೇಟ್ ನಿಕೋಬಾರ್ ದಾಟಿದ್ರೆ ಅದೇ. ಅಲ್ಲಿ 1976ರಲ್ಲಿ ಗಾಮ್ ಅನ್ನೋ ಸಂಘಟನೆ ಹುಟ್ತು. ಸ್ವತಂತ್ರ ಅಚೆ ಬೇಕು ಅಂತ. ಸುಮಾರು ಮೂವತ್ತು ವರ್ಷ ಸೈನ್ಯಕ್ಕೂ ಅವರಿಗೂ ಕಾಳಗ. ಸಾವಿರಾರು ಜನ ಸತ್ತರು.

2004ರ ಡಿಸೆಂಬರ್ 26. ಸುನಾಮಿ. ನಮ್ಮ ತಮಿಳುನಾಡು, ಅಂಡಮಾನ್‌ಗೆ ಬಡಿದ ಅದೇ ಸುನಾಮಿ. ಅತಿ ಹೆಚ್ಚು ಪೆಟ್ಟು ಬಿದ್ದಿದ್ದು ಅಚೆಗೆ. ಅಲ್ಲಿ ಸತ್ತವರು, ಕಾಣೆಯಾದವರು ಸೇರಿ ಒಂದೂವರೆ ಲಕ್ಷಕ್ಕೂ ಹೆಚ್ಚು. ರಾಜಧಾನಿ ಬಂದಾ ಅಚೆಯ ಜೈಲಿಗೂ ನೀರು ನುಗ್ಗಿತು. ಕೈದಿಗಳಲ್ಲಿ ಹೆಚ್ಚಿನವರು ಸತ್ತರು. ತಪ್ಪಿಸಿಕೊಂಡವರಲ್ಲಿ ಇರ್ವಂದಿ ಯೂಸುಫ್ ಅನ್ನೋ ಗಾಮ್ ನಾಯಕನೂ ಒಬ್ಬ. ಈ ಹೆಸರು ನೆನಪಿಟ್ಕೊಳ್ಳಿ.

ಅಷ್ಟು ದೊಡ್ಡ ಸಾವಿನ ಮುಂದೆ ಎರಡೂ ಕಡೆಯವರು ಮಾತುಕತೆಗೆ ಕೂತರು. ಮಧ್ಯಸ್ಥಿಕೆ ವಹಿಸಿದ್ದು ಫಿನ್‌ಲ್ಯಾಂಡ್‌ನ ಮಾಜಿ ಅಧ್ಯಕ್ಷ ಮಾರ್ಟಿ ಅಹ್ತಿಸಾರಿ. 2008ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಐದು ಸುತ್ತು ಮಾತುಕತೆ, 2005ರ ಆಗಸ್ಟ್ 15ಕ್ಕೆ ಹೆಲ್ಸಿಂಕಿಯಲ್ಲಿ ಸಹಿ.

ಈಗ ಕಾಮರ್ಸ್‌ನವರು ಕಿವಿ ಕೊಟ್ಟು ಕೇಳಿ. ಆ ಒಪ್ಪಂದದಲ್ಲಿ ಅಂಕಿಗಳಿದ್ವು. ಗಾಮ್ 840 ಆಯುಧ ಒಪ್ಪಿಸಬೇಕು. ತನ್ನ 3,000 ಹೋರಾಟಗಾರರನ್ನ ಮನೆಗೆ ಕಳಿಸಬೇಕು. ಸರ್ಕಾರ ಹೊರಗಿನಿಂದ ತಂದಿಟ್ಟ ಸೈನಿಕರನ್ನೂ ಪೊಲೀಸರನ್ನೂ ವಾಪಸ್ ಕರೆಸಿಕೊಳ್ಳಬೇಕು, ಎಷ್ಟು ಜನ ಉಳೀಬಹುದು ಅಂತಾನೂ ಬರೆದಿತ್ತು. ಇದನ್ನೆಲ್ಲ ಎಣಿಸೋದು ಯಾರು? ಇವರು ಎಣಿಸಿದ್ದನ್ನ ಅವರು ನಂಬಲ್ಲ, ಅವರು ಎಣಿಸಿದ್ದನ್ನ ಇವರು ನಂಬಲ್ಲ. ಮೂವತ್ತು ವರ್ಷ ಗುಂಡು ಹಾರಿಸಿಕೊಂಡವರು.

ಹಾಗಾಗಿ ಹೊರಗಿನವರು ಬಂದ್ರು. ಅಚೆ ಮಾನಿಟರಿಂಗ್ ಮಿಷನ್. ಯುರೋಪಿಯನ್ ಯೂನಿಯನ್, ನಾರ್ವೆ, ಸ್ವಿಟ್ಜರ್ಲೆಂಡ್, ಜೊತೆಗೆ ಆಗ್ನೇಯ ಏಷ್ಯಾದ ಐದು ದೇಶಗಳು, ಅಂದ್ರೆ ಬ್ರೂನೈ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್. ಮುಖ್ಯಸ್ಥರು ಪೀಟರ್ ಫೇತ್ ಅನ್ನೋ ಡಚ್ ರಾಜತಾಂತ್ರಿಕ. ಶುರುವಿನಲ್ಲಿ ಇನ್ನೂರು ಚಿಲ್ಲರೆ ಜನ. ಅವರಲ್ಲಿ ಯಾರ ಕೈಯಲ್ಲೂ ಗನ್ ಇರಲಿಲ್ಲ.

ಗನ್ ಇಲ್ಲದೆ ಹೋಗಿ ಅವರು ಮಾಡಿದ ಮೊದಲ ಕೆಲಸ ಎಣಿಕೆ. 2005ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ನಾಲ್ಕು ಕಂತಿನಲ್ಲಿ ಆಯುಧ ಬಂತು. ಗಾಮ್‌ನವರು ಒಟ್ಟು 1,018 ಆಯುಧ ತಂದಿಟ್ರು. ಒಂದೊಂದನ್ನೂ ಕೈಗೆ ತಗೊಂಡು ನೋಡಿದ್ರು. 178 ಲೆಕ್ಕಕ್ಕೆ ಬರಲ್ಲ ಅಂತ ತೆಗೆದಿಟ್ರು. ಉಳಿದದ್ದು 840. ಸರಿಯಾಗಿ 840. ಒಪ್ಪಿಕೊಂಡ ಆಯುಧಗಳನ್ನ ಜನರ ಎದುರೇ ಯಂತ್ರದ ಗರಗಸದಲ್ಲಿ ಕತ್ತರಿಸಿ ಹಾಕಿದ್ರು. ಪ್ರತಿ ಕಂತಿಗೆ ಸರಿಯಾಗಿ ಆ ಕಡೆ ಸೈನಿಕರು ಹಡಗು ಹತ್ತಬೇಕು, ಅದನ್ನೂ ಎಣಿಸಬೇಕು. ಕೊನೆಗೆ 25,890 ಸೈನಿಕರು, 5,791 ಪೊಲೀಸರು ಅಚೆ ಬಿಟ್ಟು ಹೋದ್ರು.

ಇದನ್ನ ಓದ್ತಾ ನಾನು ಜೋರಾಗಿ ನಕ್ಕಿದ್ದೆ. ಇದು ಆಡಿಟ್ ಅಲ್ವಾ? ಬಂದದ್ದು, ತಿರಸ್ಕರಿಸಿದ್ದು, ಒಪ್ಪಿದ್ದು. ಎರಡು ಪಾರ್ಟಿ, ಮಧ್ಯೆ ಒಬ್ಬ ಸ್ವತಂತ್ರ ಆಡಿಟರ್. ಜಗಳ ಬಂದ್ರೆ ಎರಡೂ ಕಡೆಯವರನ್ನ ಒಂದೇ ಮೇಜಿನ ಸುತ್ತ ಕೂರಿಸ್ತಿದ್ರು, ಪ್ರಾಂತ್ಯದ ಮಟ್ಟದಲ್ಲೂ, ಕೆಳಗೆ ಜಿಲ್ಲೆಗಳಲ್ಲೂ. ಬಗೆಹರಿಯದೇ ಇದ್ರೆ ಮಿಷನ್ ಮುಖ್ಯಸ್ಥರ ತೀರ್ಮಾನಕ್ಕೆ ಇಬ್ಬರೂ ಬದ್ಧ ಅಂತ ಒಪ್ಪಂದದಲ್ಲೇ ಬರೆದಿತ್ತು.

ಡಿಸೆಂಬರ್ 27ಕ್ಕೆ ಗಾಮ್ ತನ್ನ ಸಶಸ್ತ್ರ ದಳವನ್ನ ವಿಸರ್ಜಿಸ್ತು. ಮರುವರ್ಷ 2006ರ ಡಿಸೆಂಬರ್ 11ಕ್ಕೆ ಚುನಾವಣೆ. ಗವರ್ನರ್ ಆಗಿ ಗೆದ್ದದ್ದು ಯಾರು? ಇರ್ವಂದಿ ಯೂಸುಫ್. ಎರಡು ವರ್ಷದ ಹಿಂದೆ ನೀರು ನುಗ್ಗಿದ ಜೈಲಿನಿಂದ ಹೊರಬಂದವನು, ನಡುವೆ ಈ ಮಿಷನ್ ಜೊತೆ ಗಾಮ್ ಪ್ರತಿನಿಧಿಯಾಗಿ ಕೂತವನು. ಅದಾದ ನಾಲ್ಕೇ ದಿನಕ್ಕೆ ಮಿಷನ್ ಗಂಟುಮೂಟೆ ಕಟ್ಟಿ ಹೊರಟಿತು.

ಇಲ್ಲಿಗೆ ನಿಲ್ಲಿಸಿದ್ರೆ ಇದು ಒಳ್ಳೆ ಸಿನಿಮಾ ಕಥೆ. ಆದ್ರೆ ಇನ್ನೊಂದು ಅಂಕಿ ಉಳೀತು, 3,000.

840 ಬಂದೂಕು ಎಣಿಸಬಹುದು. ಬಂದೂಕು ಸುಮ್ಮನೆ ಮೇಜಿನ ಮೇಲೆ ಬಿದ್ದಿರುತ್ತೆ. ಮನುಷ್ಯರನ್ನ ಎಣಿಸೋದು ಹಾಗಲ್ಲ. ಮನೆಗೆ ಹೋಗೋ ಹೋರಾಟಗಾರರಿಗೆ ಹೊಸ ಬದುಕು ಕಟ್ಟಿಕೊಳ್ಳೋಕೆ ಹಣ ಕೊಡಬೇಕು ಅಂತ ಇತ್ತು. ಹಣ ಕೊಡೋರು ಹೆಸರಿನ ಪಟ್ಟಿ ಕೇಳಿದ್ರು. ಗಾಮ್ ಹಿಂಜರೀತು. ಯಾಕೆ? ನಾಳೆ ಶಾಂತಿ ಮುರಿದುಬಿದ್ರೆ ಅದೇ ಪಟ್ಟಿ ಹಿಡ್ಕೊಂಡು ಮನೆಮನೆಗೆ ಬರ್ತಾರೆ ಅನ್ನೋ ಭಯ. ಪಟ್ಟಿಯಲ್ಲಿ ಹೆಸರಿದ್ರೆ ಅನ್ನ, ಅದೇ ಪಟ್ಟಿಯಲ್ಲಿ ಹೆಸರಿದ್ರೆ ಸಾವು. ಎರಡೂ ನಿಜ.

ಇನ್ನೂ ಒಂದು. 2006ರಲ್ಲಿ ವಿಶ್ವಬ್ಯಾಂಕ್ ಅಧ್ಯಯನ ಮಾಡಿದಾಗ ಮಾಜಿ ಹೋರಾಟಗಾರರು ಸುಮಾರು 14,300 ಜನ ಅಂತ ಅಂದಾಜು ಸಿಕ್ತು. ಕಾಗದದಲ್ಲಿ 3,000, ಊರಲ್ಲಿ ಹದಿನಾಲ್ಕು ಸಾವಿರ. ಬಂದ ಹಣವನ್ನ ಕಮಾಂಡರ್‌ಗಳು ಹಂಚುತ್ತಾ ಹೋದಾಗ ಒಬ್ಬೊಬ್ಬರ ಕೈಗೆ ಸಿಕ್ಕಿದ್ದು ಚೂರುಪಾರು. ಹೆಂಗಸರ ಕಥೆ ಇನ್ನೂ ಕಷ್ಟ. ಕಾಡಿಗೆ ಅನ್ನ ಹೊತ್ತವರು, ಸುದ್ದಿ ಮುಟ್ಟಿಸಿದವರು, ಕೆಲವರು ಆಯುಧ ತರಬೇತಿ ಪಡೆದವರೂ ಇದ್ದರು. 3,000ದ ಲೆಕ್ಕದಲ್ಲಿ ಅವರನ್ನ ಹೋರಾಟಗಾರರು ಅಂತ ಹಿಡಿಯಲೇ ಇಲ್ಲ.

ಇದನ್ನ ಓದಿದ ರಾತ್ರಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ನನಗೆ ಕಂಡಿದ್ದು ಇಂಡೋನೇಷ್ಯಾ ಅಲ್ಲ. ಕಲ್ಯಾಣ ಮಂಟಪ, ಲಾಂಗ್ ನೋಟ್‌ಬುಕ್, "ಇತರೆ – 3".

ಅಷ್ಟು ದೇಶಗಳು ಸೇರಿ, ಅಷ್ಟು ಓದಿದವರು ಸೇರಿ ಮಾಡಿದ ಕೆಲಸದಲ್ಲೂ ತಪ್ಪಿದ್ದು ಇದೇ ಜಾಗದಲ್ಲಿ. ಅವರ ತಪ್ಪಿನಿಂದ ನನ್ನ ತಪ್ಪು ಸಣ್ಣದಾಗಲ್ಲ. ಆದ್ರೆ ಈ ವಿಷಯದಲ್ಲಿ ಏನು ಓದಬೇಕು ಅಂತ ನನಗೆ ಗೊತ್ತಾಗಿದ್ದು ಅಲ್ಲಿಂದ. ಮಾನವ ಭದ್ರತೆ ಅಂದ್ರೆ ಏಳು ಪಾಯಿಂಟ್ ಬಾಯಿಪಾಠ ಮಾಡೋದಲ್ಲ. ಪಟ್ಟಿ ಮಾಡೋ ಮುಂಚೆ, ಈ ಕಾಲಮ್‌ಗಳಲ್ಲಿ ಯಾರು ಹಿಡಿಸಲ್ಲ ಅಂತ ಕೇಳೋದು. ಪಟ್ಟಿ ಮಾಡಿದ ಮೇಲೆ, ಇದು ತಪ್ಪು ಕೈಗೆ ಸಿಕ್ಕಿದ್ರೆ ಯಾರಿಗೆ ಅಪಾಯ ಅಂತ ಕೇಳೋದು. ನಡುವೆ ಕಂಬಳಿ ಎಣಿಸೋದು. ಮೂರೂ ಬೇಕು.

ಈಗ ಆ ಹುಡುಗನ ಕೊನೆಯ ಪ್ರಶ್ನೆ, "ನಮ್ಮಂಥೋರಿಗೆ ಏನಿದೆ?"

ಸುಳ್ಳು ಆಸೆ ಹುಟ್ಟಿಸಲ್ಲ. ಯುರೋಪಿಯನ್ ಯೂನಿಯನ್ ಮಿಷನ್‌ಗಳಿಗೆ ಹೆಚ್ಚಾಗಿ ಹೋಗೋದು ಆಯಾ ಸದಸ್ಯ ದೇಶಗಳು ಕಳಿಸೋ ಜನ. ಪಾಸ್‌ಪೋರ್ಟ್ ಮಾಡಿಸ್ಕೊಂಡು ನಾಳೆ ಹೊರಡೋ ಕೆಲಸ ಅಲ್ಲ. ಆದ್ರೆ ನಮ್ಮಲ್ಲಿ ಈ ಕೆಲಸಕ್ಕೆ ಬೇರೆ ಹೆಸರಿದೆ. ಅದೇ ಸುನಾಮಿಯ ಮರುವರ್ಷ, 2005ರ ಡಿಸೆಂಬರ್‌ನಲ್ಲಿ, ನಮ್ಮ ದೇಶದಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಒಂದು ವಿಪತ್ತು ನಿರ್ವಹಣಾ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಆ ಕಾಯ್ದೆಯ 12ನೇ ಸೆಕ್ಷನ್ ಒಮ್ಮೆ ಓದಿ. ಪರಿಹಾರ ಕೇಂದ್ರದಲ್ಲಿ ಆಸರೆ, ಊಟ, ನೀರು, ಚಿಕಿತ್ಸೆ, ಶೌಚಾಲಯಕ್ಕೆ ಕನಿಷ್ಠ ಮಟ್ಟ ಇರಬೇಕು, ವಿಧವೆಯರಿಗೆ, ಅನಾಥರಿಗೆ ವಿಶೇಷ ವ್ಯವಸ್ಥೆ ಇರಬೇಕು ಅನ್ನುತ್ತೆ. 61ನೇ ಸೆಕ್ಷನ್, ಪರಿಹಾರದಲ್ಲಿ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಭೇದ ಮಾಡಬಾರದು ಅನ್ನುತ್ತೆ. 2018ರಲ್ಲಿ ನನಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ. ಇಗ್ನೋದಲ್ಲಿ ಇದಕ್ಕೆ ಪಿಜಿ ಡಿಪ್ಲೊಮಾ ಇದೆ, ಮುಂಬೈನ ಟಿಸ್‌ನಲ್ಲಿ ಇದಕ್ಕೇ ಒಂದು ವಿಭಾಗ ಇದೆ.

ಡಿಗ್ರಿ ಬಿಡಿ. ಈ ಎಪಿಸೋಡ್ ಕೇಳ್ತಿರೋರಲ್ಲಿ ಎಷ್ಟು ಜನ ವಿಎ ಪರೀಕ್ಷೆಗೆ ಓದ್ತಿದೀರ? ಮುಂಚೆ ಗ್ರಾಮ ಲೆಕ್ಕಿಗ, ಈಗ ಗ್ರಾಮ ಆಡಳಿತ ಅಧಿಕಾರಿ. ಹೊಳೆ ಉಕ್ಕಿ ಮನೆ ಬಿದ್ದಾಗ ಮೊದಲು ಬಂದು ನೋಡಿ ಬರೆದುಕೊಳ್ಳೋರು ಇವರೇ. ಯಾರ ಮನೆ, ಎಷ್ಟು ಹಾನಿ, ಮನೆಯಲ್ಲಿ ಯಾರಿದ್ದಾರೆ. ಆ ಕಾಗದ ಮುಂದೆ ಹೋಗುತ್ತೆ. ಬಾಡಿಗೆಗಿದ್ದವರು, ಲೈನ್ ಮನೆಯವರು, ಶೆಡ್ಡಿನಲ್ಲಿದ್ದ ಕಟ್ಟಡ ಕೆಲಸದವರು ಆ ಕಾಗದಕ್ಕೆ ಬರ್ತಾರಾ ಇಲ್ವಾ ಅನ್ನೋದು ಪೆನ್ ಹಿಡಿದವರ ಮೇಲೂ ನಿಂತಿರುತ್ತೆ. ನನ್ನ ಪ್ರಕಾರ ನಮ್ಮೂರಿನ ಮಾನವ ಭದ್ರತಾ ಅಧಿಕಾರಿ ಅಂದ್ರೆ ಅವರೇ. ಬೋರ್ಡ್ ಮೇಲೆ ಹಾಗೆ ಬರೆದಿರಲ್ಲ ಅಷ್ಟೇ.

ತಮ್ಮಾ, ನಿನಗೆ ಉತ್ತರ ಸಿಕ್ಕಿತು ಅನ್ಕೋತೀನಿ. ಲೆಕ್ಕ ಗೊತ್ತಿರೋರು ಈ ಕೆಲಸಕ್ಕೆ ಬೇಕು. ಲೆಕ್ಕ ಟ್ಯಾಲಿ ಆದ ಮೇಲೂ ಅನುಮಾನ ಪಡೋರು ಇನ್ನೂ ಹೆಚ್ಚು ಬೇಕು.

ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರ ಇದೆ. ಹೋದ ತಿಂಗಳು ತೆಗೆದು ನೋಡಿದೆ. "ಇತರೆ – 3"ರ ಪಕ್ಕ ಅವಳ ಹೆಸರು ಬರೆಯೋಣ ಅಂತ ಪೆನ್ ತಗೊಂಡೆ. ಕೇಳಿದ್ದೆ ಅಂದ್ನಲ್ಲ? ಎಷ್ಟು ಹೊತ್ತು ಕೂತ್ರೂ ನೆನಪಾಗಲಿಲ್ಲ. ಹಾಗಾಗಿ ಆ ಪುಟ ಹಾಗೇ ಇದೆ.

ಈ ವಾರ ನಿಮಗೆ ಒಂದೇ ಕೆಲಸ. ನಿಮ್ಮ ಬೀದಿಯಲ್ಲಿ ನಾಳೆ ನೀರು ನುಗ್ಗಿದ್ರೆ, ರೇಷನ್ ಕಾರ್ಡ್ ಲೆಕ್ಕದಲ್ಲಿ ಸಿಗದೇ ಇರೋರು ಯಾರು ಅಂತ ಯೋಚನೆ ಮಾಡಿ. ಪಿಜಿಯಲ್ಲಿರೋರು, ವಾಚ್‌ಮನ್ ಕುಟುಂಬ, ಮನೆಕೆಲಸದ ಅಕ್ಕ. ಅವರ ಹೆಸರು ನಿಮಗೆ ಗೊತ್ತಿದೆಯಾ? ಗೊತ್ತಿಲ್ಲ ಅಂದ್ರೆ ಕೇಳಿ ತಿಳ್ಕೊಳ್ಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.